ಕೋಲಾರದ ಘಟನೆಗಳು

ಚಿನ್ನಕ್ಕಾಗಿ ಅಗೆದ ಕೋಲಾರದ ಗಣಿಗಳೊಳಕ್ಕೆ ವಿಜ್ಞಾನಿಗಳು ಬೇರೊಂದನ್ನು ಅರಸುತ್ತ ಇಳಿದುದು 1951ರಲ್ಲಿ. ಆ ಮೊದಲಿಗರಲ್ಲಿ ಬಿ. ವಿ. ಶ್ರೀಕಂಠನ್ ಒಬ್ಬರು. ಮೇಲಣ ಬಂಡೆಯು ವಿಶ್ವಕಿರಣಗಳ ಗದ್ದಲವನ್ನು ಸೋಸಿಬಿಡುವುದರಿಂದ, ಬಹು ಆಳಕ್ಕೆ ನಿರಾತಂಕವಾಗಿ ತಲುಪುವುದು ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣವೇ. ಇಂಡಿ, ಸಿಂದಗಿಗಳ ಬಾವಿಗಳ ಆಳವನ್ನು ಬಲ್ಲವರ ಊಹೆಗೂ ನಿಲುಕದ ಸುಮಾರು 7,600 ಅಡಿಗಳ ಕೆಳಗೆ, 1965ರಲ್ಲಿ ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿದ್ಯಾಪೀಠಗಳವರು ವಾಯುಮಂಡಲದ ನ್ಯೂಟ್ರಿನೊವಿನ ಸುಳಿವನ್ನು ಹಿಡಿದರು.

ಮಂಗಳೂರಿನಲ್ಲಿ ಜನಿಸಿದ ಎಂ. ಜಿ. ಕೆ. ಮೆನನ್ನರೂ ಅವರ ಸಂಗಡಿಗರೂ 1975ರಲ್ಲಿ ಸಾರಿದ ಸಂಗತಿಯಾದರೋ ಇನ್ನೂ ಬೆರಗಿನದು. ಬಂಡೆಯಿಂದ ಈಚೆಗೆ, ಬರಿಯ ಗಾಳಿಯ ತೆರಪಿನಲ್ಲಿ, ಒಂದೇ ಬಿಂದುವಿನಿಂದ ಜಾಡುಗಳು ಕವಲೊಡೆದಿದ್ದವು. ನ್ಯೂಟ್ರಿನೊ ಬಂಡೆಗೆ ತಾಗಿದಾಗ ಹುಟ್ಟಿದ ಹೊಸ ಕಣವೊಂದು ತುಸು ದೂರ ಸಾಗಿ ಅಲ್ಲಿ ಒಡೆದಿರಬೇಕೆಂದು ಅವರು ತರ್ಕಿಸಿದರು. ಅಂಥವು ದೊರೆತುದು ಬೆರಳೆಣಿಕೆಯಷ್ಟೇ. ಲೋಕವು ಅವನ್ನು ಕೋಲಾರದ ಘಟನೆಗಳೆಂದು ಕರೆಯಿತು. ಪರದೇಶದ ವೇಗವರ್ಧಕಗಳಲ್ಲಿ ಹುಡುಕಿದವರಿಗೆ ಆ ಕಣವು ಸಿಕ್ಕಲಿಲ್ಲ. ಅಷ್ಟರಿಂದಲೇ ಇದೆಲ್ಲ ಭ್ರಮೆಯೆಂದು ತಳ್ಳಿಬಿಡುವುದು ಆತುರದ ಮಾತಾದೀತು. ಆ ಜಾಡುಗಳಿಗೆ ಸರ್ವಸಮ್ಮತವಾದ ಬೇರೆ ಸಮಾಧಾನವೂ ದೊರೆತಿಲ್ಲ. ಆದರೆ ಮತ್ತೆ ಅಲ್ಲಿಯೇ ಇಳಿದು ನೋಡುವಂತಿಲ್ಲ. 2001ರಲ್ಲಿ ಗಣಿಯು ಮುಚ್ಚಿತು. ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು.