ಮಂಗಳೂರಿನ ದ್ವೀಪಗಳಿಗೆ ಪರ್ಮಿಟ್ ಬಂದ ಕಥೆ

ಭದ್ರಾವತಿಯಿಂದ ಮಂಗಳೂರಿಗೆ ಹೊರಟವರು ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಘಟ್ಟ ಇಳಿದರೆ ಮುಗಿಯಿತು. ಏಕೆ ಬಂದಿರಿ, ಎಷ್ಟು ದಿನ ಇರುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಆದರೆ ಅದೇ ಮಂಗಳೂರಿನ ನೈಋತ್ಯಕ್ಕೆ, ಅರಬ್ಬೀ ಸಮುದ್ರದಲ್ಲಿ 250ರಿಂದ 300 ಕಿಲೋಮೀಟರ್ ದೂರದಲ್ಲಿರುವ ಕಿಲ್ತಾನ್, ಚೆತ್ಲಾತ್, ಕಡಮತ್, ಅಮಿನಿ ದ್ವೀಪಗಳಿಗೆ ಹೋಗಬೇಕಾದರೆ ಮಾತೇ ಬೇರೆ. ಶಿವಮೊಗ್ಗದಿಂದ ಬೆಂಗಳೂರಿಗೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದೂರ. ಆದರೂ ಅಲ್ಲಿಗೆ ಕಾಲಿಡಲು ಭಾರತೀಯ ಪ್ರಜೆಗೂ ಸರ್ಕಾರದ ಲಿಖಿತ ಅನುಮತಿ ಬೇಕು.

ಇದು ವೀಸಾ ಅಲ್ಲ. ವೀಸಾ ಎಂಬುದು ಒಂದು ದೇಶ ಪರದೇಶದವರಿಗೆ ಕೊಡುವ ಅನುಮತಿ. ಲಕ್ಷದ್ವೀಪದ್ದು ದೇಶದೊಳಗಿನ ಪ್ರವೇಶ ಪರವಾನಗಿ. ಜನರ ಬಾಯಲ್ಲಿ ಪರ್ಮಿಟ್. ಈ ಪರ್ಮಿಟ್‌ನ ಹಿಂದೆ ಕನ್ನಡ ನಾಡಿನ ಓದುಗರು ಹೆಚ್ಚಾಗಿ ಗಮನಿಸದ ಒಂದು ಸಂಗತಿಯಿದೆ. ಮೇಲೆ ಹೇಳಿದ ನಾಲ್ಕು ದ್ವೀಪಗಳು ಮತ್ತು ಪುಟ್ಟ ಬಿತ್ರಾ ಸೇರಿದ ‘ಅಮಿನ್‌ದಿವಿ’ ಗುಂಪು 1956ರ ಅಕ್ಟೋಬರ್ 31ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಅವುಗಳ ಆಡಳಿತ ನಡೆಯುತ್ತಿದ್ದುದು ಮಂಗಳೂರಿನಿಂದ.

ಬಿದನೂರಿನಿಂದ ಮಂಗಳೂರಿಗೆ

ಈ ಸಂಬಂಧ ಬೆಳೆದ ದಾರಿ ಶಿವಮೊಗ್ಗ ಜಿಲ್ಲೆಯನ್ನು ಹಾದು ಹೋಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ನಾಯಕರು ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ, ಅಂದರೆ ಇಂದಿನ ನಗರದಲ್ಲಿ ಕುಳಿತು ಘಟ್ಟದ ಕೆಳಗಿನ ಕರಾವಳಿಯನ್ನೂ ಆಳುತ್ತಿದ್ದರು. ಕರಾವಳಿಯ ಅಕ್ಕಿಗೆ ಅರಬ್ಬೀ ಸಮುದ್ರದುದ್ದಕ್ಕೂ ಬೇಡಿಕೆಯಿತ್ತು. ಪೋರ್ಚುಗೀಸರು ಕೆಳದಿ ಅರಸರೊಡನೆ ಮತ್ತೆ ಮತ್ತೆ ಒಪ್ಪಂದ ಮಾಡಿಕೊಂಡದ್ದಕ್ಕೆ ಈ ಅಕ್ಕಿಯೂ ಒಂದು ಕಾರಣ. ಹವಳದ ಮರಳಿನ ದ್ವೀಪಗಳಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ದ್ವೀಪದವರು ತೆಂಗಿನ ನಾರಿನ ಹುರಿ, ಕೊಬ್ಬರಿಗಳನ್ನು ಹಾಯಿ ಕಟ್ಟಿದ ‘ಓಡಂ’ಗಳಲ್ಲಿ ತುಂಬಿ ತಂದು, ಬದಲಿಗೆ ಅಕ್ಕಿ ಒಯ್ಯಬೇಕಿತ್ತು. ಅವರಿಗೆ ಮುಖ್ಯಭೂಮಿಯ ಬಂದರು ಎಂದರೆ ಅನ್ನದ ಬಾಗಿಲು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದನು. ಅದರೊಂದಿಗೆ ಮಂಗಳೂರು ಬಂದರು ಮೈಸೂರಿನ ಕೈಸೇರಿತು. ಇಪ್ಪತ್ತು ವರ್ಷಗಳ ನಂತರ, 1783ರ ಆರಂಭದಲ್ಲಿ, ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೇನೆ ಅದೇ ಬಿದನೂರನ್ನು ಹಿಡಿಯಿತು. ಕೆಲವೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಅದನ್ನು ಮರಳಿ ಪಡೆದು, ಘಟ್ಟ ಇಳಿದು ಮಂಗಳೂರಿಗೆ ಮುತ್ತಿಗೆ ಹಾಕಿದನು.

ಆಗ ದ್ವೀಪಗಳ ಒಡೆತನ ಕಣ್ಣೂರಿನ ಅರಕ್ಕಲ್ ಮನೆತನದ್ದಾಗಿತ್ತು. ಅವರ ಅಧಿಕಾರಿಗಳ ಕಿರುಕುಳದಿಂದ ಬೇಸತ್ತ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು, ತಮ್ಮನ್ನು ಮೈಸೂರಿನ ಆಳ್ವಿಕೆಗೆ ಸೇರಿಸಿಕೊಳ್ಳುವಂತೆ ಟಿಪ್ಪುವನ್ನು ಕೇಳಿಕೊಂಡರು ಎಂದು ಲಕ್ಷದ್ವೀಪದ ಅಧಿಕೃತ ಇತಿಹಾಸ ಹೇಳುತ್ತದೆ. ಅರಕ್ಕಲ್ ಬೀಬಿಯೊಡನೆ ಟಿಪ್ಪುವಿಗೆ ಸ್ನೇಹವಿತ್ತು. ಮಾತುಕತೆಯ ನಂತರ ಅಮಿನ್‌ದಿವಿ ಗುಂಪು ಮೈಸೂರಿಗೆ ಬಂತು. ಉಳಿದ ದ್ವೀಪಗಳು ಕಣ್ಣೂರಿನ ಬಳಿಯೇ ಉಳಿದವು. ಸಮುದ್ರದ ನಡುವಿನ ಜನ ತಮಗೆ ಬೇಕಾದ ಬಂದರನ್ನು ತಾವೇ ಆರಿಸಿಕೊಂಡ ಈ ಘಟನೆ ವಿಶೇಷವಾದದ್ದು.

ಮಣೆಗಾರನ ಕಾಲ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮಿನ್‌ದಿವಿ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಕೆನರಾ ಜಿಲ್ಲೆಗೆ ಜೋಡಣೆಯಾದವು. ಅಮಿನಿಯಲ್ಲಿ ‘ಮಣೆಗಾರ’ ಎಂಬ ಅಧಿಕಾರಿ ಇರುತ್ತಿದ್ದ. ಕನ್ನಡ ನಾಡಿನ ಕಂದಾಯ ವ್ಯವಸ್ಥೆಗೆ ಪರಿಚಿತವಾದ ಈ ಹೆಸರು ಸಮುದ್ರದಾಚೆಗೂ ನಡೆಯಿತು. ಅವನ ಮೇಲೆ ಮಂಗಳೂರಿನ ಕಲೆಕ್ಟರ್. ನಾರಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು. ದ್ವೀಪದವರು ಹುರಿಯನ್ನು ಸರ್ಕಾರಕ್ಕೇ ಕೊಡಬೇಕು, ಸರ್ಕಾರ ಗೊತ್ತುಪಡಿಸಿದ ದರದಲ್ಲಿ ಅಕ್ಕಿ ಪಡೆಯಬೇಕು. ದರ ಗೊತ್ತುಪಡಿಸುವವನೂ ಕೊಳ್ಳುವವನೂ ಒಬ್ಬನೇ ಆದಾಗ ಹುರಿ ಹೊಸೆಯುವ ಕೈಗೆ ಎಷ್ಟು ಸಿಕ್ಕೀತು ಎಂಬುದನ್ನು ಊಹಿಸಬಹುದು. ಹೊರಗಿನವರೊಡನೆ ಸಮಬಲದಿಂದ ವ್ಯವಹರಿಸಲಾಗದ ಈ ಸ್ಥಿತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬಂದ ಪರ್ಮಿಟ್‌ನ ಅರ್ಥ ತಿಳಿಯುತ್ತದೆ.

ಮೂರು ಪಾಲಾದ ಜಿಲ್ಲೆ

1956ರ ನವೆಂಬರ್ 1 ಕನ್ನಡಿಗರಿಗೆ ಏಕೀಕರಣದ ದಿನ. ಅಂದು ದಕ್ಷಿಣ ಕನ್ನಡ ಜಿಲ್ಲೆ ಮೂರು ಪಾಲಾಯಿತು. ದೊಡ್ಡ ಪಾಲು ವಿಶಾಲ ಮೈಸೂರಿಗೆ ಸೇರಿ, ಶಿವಮೊಗ್ಗವೂ ಮಂಗಳೂರೂ ಒಂದೇ ರಾಜ್ಯದೊಳಗೆ ಬಂದವು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅಮಿನ್‌ದಿವಿ ದ್ವೀಪಗಳು ಮಲಬಾರ್ ಜಿಲ್ಲೆಯಲ್ಲಿದ್ದ ಲಕ್ಕದೀವ್ ಮತ್ತು ಮಿನಿಕಾಯ್ ದ್ವೀಪಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಇದಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಕಾಸರಗೋಡಿಗಾಗಿ ಹೋರಾಟ ನಡೆಯಿತು, ಆಯೋಗ ಕುಳಿತಿತು. ದ್ವೀಪಗಳ ಬಗ್ಗೆ ಅಂಥ ಕೂಗು ಏಳಲಿಲ್ಲ. ಏಳಲು ಕಾರಣವೂ ಇರಲಿಲ್ಲ. ಅಮಿನಿಯವರ ಮಾತು ಮಲಯಾಳಕ್ಕೆ ಹತ್ತಿರವಾದ ಜೆಸರಿ; ಅಲ್ಲಿ ಕನ್ನಡದ ಪ್ರಶ್ನೆಯೇ ಇರಲಿಲ್ಲ. ಮಹಾಜನ್ ಆಯೋಗ ವರದಿ ಕೊಟ್ಟ 1967ರಲ್ಲೇ ದ್ವೀಪಗಳಿಗೆ ಪ್ರವೇಶ ಮತ್ತು ವಾಸವನ್ನು ನಿರ್ಬಂಧಿಸುವ ನಿಯಮಗಳು ಹೊರಬಂದುದು ಕಾಕತಾಳೀಯ. ಅದರಂತೆ ದ್ವೀಪದ ಮೂಲನಿವಾಸಿಯಲ್ಲದವರು ಆಡಳಿತಾಧಿಕಾರಿಯ ಅಥವಾ ಅವರು ನೇಮಿಸಿದ ಅಧಿಕಾರಿಯ ಪರ್ಮಿಟ್ ಇಲ್ಲದೆ ಅಲ್ಲಿಗೆ ಹೋಗುವಂತಿಲ್ಲ, ಇರುವಂತಿಲ್ಲ. ಕರ್ತವ್ಯದ ಮೇಲೆ ಹೋಗುವ ಸರ್ಕಾರಿ ನೌಕರರಿಗೆ ವಿನಾಯಿತಿ ಇದೆ.

ಸಂವಿಧಾನ ಏನನ್ನುತ್ತದೆ?

ದೇಶದ ಯಾವ ಮೂಲೆಗಾದರೂ ಹೋಗುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲ ಪ್ರಜೆಗಳಿಗೆ ಕೊಟ್ಟಿದೆ. ಈ ಹಕ್ಕಿನ ಬೆಲೆ ಭದ್ರಾವತಿಯವರಿಗೆ ಹೇಳಿಕೊಡಬೇಕಿಲ್ಲ. ಬೆಂಕಿಪುರವೆಂಬ ಸಣ್ಣ ಊರು 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ ತಮಿಳು, ತೆಲುಗು, ಮಲಯಾಳ, ಉರ್ದು ಮಾತನಾಡುವವರೆಲ್ಲ ಬಂದು ನೆಲೆಸಿದ ಪಟ್ಟಣವಾಗಿ ಬೆಳೆಯಿತು. ಹೊರಗಿನವರು ಬರಲು ಅಡ್ಡಿಯಿದ್ದರೆ ಇಂದಿನ ಭದ್ರಾವತಿ ಇರುತ್ತಿರಲಿಲ್ಲ.

ಹಾಗಾದರೆ ದ್ವೀಪಗಳಿಗೆ ಬೇರೆ ನ್ಯಾಯವೇಕೆ? ಅದೇ 19ನೇ ವಿಧಿಯ 5ನೇ ಉಪವಿಧಿ ಉತ್ತರ ಕೊಡುತ್ತದೆ. ಸಾರ್ವಜನಿಕರ ಹಿತಕ್ಕಾಗಿ ಅಥವಾ ಪರಿಶಿಷ್ಟ ಪಂಗಡಗಳ ಹಿತರಕ್ಷಣೆಗಾಗಿ ಸಂಚಾರ ಮತ್ತು ವಾಸದ ಹಕ್ಕಿನ ಮೇಲೆ ನ್ಯಾಯಸಮ್ಮತ ನಿರ್ಬಂಧ ಹೇರಬಹುದು. ತಾವೂ ತಂದೆತಾಯಿ ಇಬ್ಬರೂ ದ್ವೀಪದಲ್ಲೇ ಹುಟ್ಟಿದವರಾದರೆ ಅಂಥವರನ್ನು ಅಲ್ಲಿ ಪರಿಶಿಷ್ಟ ಪಂಗಡವೆಂದು ಗುರುತಿಸಲಾಗಿದೆ.

ಅಂಕಿಗಳನ್ನು ನೋಡಿದರೆ ಇದರ ಅಗತ್ಯ ಇನ್ನಷ್ಟು ಸ್ಪಷ್ಟ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಇದು ಶಿವಮೊಗ್ಗ ನಗರದ ವ್ಯಾಪ್ತಿಯ ಅರ್ಧಕ್ಕಿಂತ ಕಡಿಮೆ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ಭದ್ರಾವತಿಯದು ಆಗ ಒಂದೂವರೆ ಲಕ್ಷ. ದ್ವೀಪಗಳಲ್ಲಿ ನದಿಯಿಲ್ಲ. ಮರಳಿನಡಿ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತ ಮಳೆನೀರೇ ಬಾವಿಯ ನೀರು. ಹೆಚ್ಚು ಎತ್ತಿದರೆ ಸಮುದ್ರದ ಉಪ್ಪು ಒಳಗೆ ಬರುತ್ತದೆ. ಭದ್ರೆಯ ದಂಡೆಯ ಊರು ಬಂದವರನ್ನೆಲ್ಲ ತಾಳಿಕೊಂಡಿತು. ಇಂಥ ನೆಲ ತಾಳಲಾರದು.

ಆದರೆ ಕಾವಲಿನ ಬಾಗಿಲಿಗೆ ಎರಡು ಮುಖ. ಕೀಲಿ ಇರುವುದು ದ್ವೀಪದ ಜನರ ಕೈಯಲ್ಲಲ್ಲ, ಆಡಳಿತದ ಕೈಯಲ್ಲಿ. ದ್ವೀಪಗಳ ಹೊಸ ಕರಡು ನಿಯಮಗಳ ವಿರುದ್ಧ 2021ರಲ್ಲಿ ಪ್ರತಿಭಟನೆ ಎದ್ದಾಗ ಕೇರಳದ ಕೆಲವು ಸಂಸದರಿಗೆ ಪ್ರವೇಶ ನಿರಾಕರಿಸಲಾಯಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಜನರನ್ನು ಕಾಯಲು ಬಂದ ಪರ್ಮಿಟ್, ಅವರ ಕಷ್ಟ ಕೇಳಲು ಬರುವವರನ್ನು ತಡೆಯಲೂ ಬಳಕೆಯಾಗಬಲ್ಲದು ಎಂಬುದು ಆಗ ಕಂಡುಬಂತು.

ಹೋಗುವವರಿಗೆ

ಪ್ರಧಾನಿ ನರೇಂದ್ರ ಮೋದಿ 2024ರ ಜನವರಿಯಲ್ಲಿ ಭೇಟಿಯಿತ್ತ ನಂತರ ಲಕ್ಷದ್ವೀಪದ ಬಗ್ಗೆ ಪ್ರವಾಸಿಗರ ಕುತೂಹಲ ಹೆಚ್ಚಿತು. ಸಾಮಾನ್ಯ ದಾರಿ ಕೊಚ್ಚಿಯಿಂದ ಹಡಗು, ಇಲ್ಲವೇ ಅಗತ್ತಿಗೆ ವಿಮಾನ. ಪರ್ಮಿಟ್‌ಗೆ ಗುರುತಿನ ಚೀಟಿ, ಭಾವಚಿತ್ರ ಮತ್ತು ಊರಿನ ಪೊಲೀಸರ ಪ್ರಮಾಣಪತ್ರವನ್ನು ಕೇಳುವ ರೂಢಿ ಬೆಳೆದುಬಂದಿದೆ. ಯಾವ ದ್ವೀಪಕ್ಕೆ ಅನುಮತಿಯೋ ಅಲ್ಲಿಗೆ ಮಾತ್ರ, ಅಷ್ಟು ದಿನ ಮಾತ್ರ. ವಿವರಗಳು ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ಲಕ್ಷದ್ವೀಪ ಆಡಳಿತದಲ್ಲೇ ವಿಚಾರಿಸುವುದು ಒಳ್ಳೆಯದು. ವಿದೇಶಿಯರು ಭಾರತದ ವೀಸಾ ಪಡೆದು, ಅದರ ಮೇಲೆ ಈ ಪರ್ಮಿಟ್‌ನ್ನೂ ಪಡೆಯಬೇಕು. ಅವರಿಗೆ ತೆರೆದಿಟ್ಟ ಕೆಲವೇ ದ್ವೀಪಗಳಲ್ಲಿ ಅಗತ್ತಿ, ಬಂಗಾರಂಗಳ ಜೊತೆಗೆ ಒಂದು ಕಾಲಕ್ಕೆ ದಕ್ಷಿಣ ಕನ್ನಡದ್ದೇ ಆಗಿದ್ದ ಕಡಮತ್ ಕೂಡ ಸೇರಿದೆ.

ಇಷ್ಟಾದರೂ ಮಂಗಳೂರಿನ ನಂಟು ಪೂರ್ತಿ ಕಡಿದಿಲ್ಲ. ಅಲ್ಲಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಕಟ್ಟಡ ಸಾಮಗ್ರಿಗಳು ದ್ವೀಪಗಳಿಗೆ ಹೋಗುತ್ತ ಬಂದಿವೆ. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಲಕ್ಷದ್ವೀಪದಿಂದ ಮಂಗಳೂರಿಗೆ ಪ್ರಯಾಣಿಕರನ್ನೂ ತಂದಿತು. ದ್ವೀಪದವರು ಮಂಗಳೂರಿಗೆ ಬರಲು ಯಾರ ಅಪ್ಪಣೆಯೂ ಬೇಡ. ಮಂಗಳೂರಿನವರು, ಶಿವಮೊಗ್ಗದವರು ಅಲ್ಲಿಗೆ ಹೋಗಲು ಬೇಕು. ಕೇಳಲು ಇದು ಅಸಮಾನವೆನಿಸುತ್ತದೆ. ಆದರೆ ಇನ್ನೂರು ವರ್ಷಗಳ ಕಾಲ ಅಕ್ಕಿಯ ದರವನ್ನೂ ಹುರಿಯ ದರವನ್ನೂ ದಡದವರೇ ನಿರ್ಧರಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಈ ಒಂದು ಅರ್ಜಿ ತುಂಬುವ ಶ್ರಮ ಅಷ್ಟೇನೂ ಭಾರವಲ್ಲ.