ತುಂಬಿದ ಡ್ಯಾಮಿನೊಳಗಿನ ಹೂಳು

ಮಳೆಗಾಲ ಬಂದರೆ ನಮ್ಮ ಗಂಗಾವತಿ, ಸಿಂಧನೂರು ಕಡೆಯವರು ಇಲ್ಲಿಂದ ಊರಿಗೆ ಫೋನ್ ಮಾಡಿ ಮೊದಲು ಕೇಳುವುದು, “ಡ್ಯಾಮ್ ತುಂಬ್ತಾ?” ಅಂತ. ತುಂಬಿತು ಅಂದರೆ ಸಮಾಧಾನ. ಆದರೆ ಆ ‘ತುಂಬಿತು’ ಅನ್ನುವ ಮಾತಿನ ಅರ್ಥ ಬದಲಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ಮೊದಲು ನೀರು ನಿಲ್ಲಿಸಿದಾಗ ಅದರ ಅರ್ಥ ಸುಮಾರು 133 ಟಿಎಂಸಿ. ಈಗ ಸುಮಾರು 105.79 ಟಿಎಂಸಿ. ಉಳಿದ 27 ಟಿಎಂಸಿ ಜಾಗ ಹಿಡಿದು ಕೂತಿರುವುದು ಹೂಳು.

ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್, ಪಂಡಿತನಲ್ಲ. ಆದರೂ ಇದು ನಮ್ಮೆಲ್ಲರ ಮನೆಯ ಲೆಕ್ಕ, ಅದಕ್ಕೇ ಬರೆಯುತ್ತಿದ್ದೇನೆ.

ನದಿ ಬರೀ ನೀರನ್ನು ಹೊತ್ತು ತರುವುದಿಲ್ಲ. ಮೇಲಿನ ಇಳಿಜಾರು, ದಂಡೆ, ಉತ್ತ ಹೊಲ ಎಲ್ಲ ಕಡೆಯ ಮಣ್ಣನ್ನೂ ಕೊರೆದು ತರುತ್ತದೆ. ನೀರು ಜೋರಾಗಿ ಹರಿಯುವಾಗ ಕಲ್ಲು, ಮರಳು, ಮಣ್ಣು ಎಲ್ಲ ಸಾಗುತ್ತವೆ. ವೇಗ ಇಳಿದರೆ ಮೊದಲು ಕಲ್ಲು, ಆಮೇಲೆ ಮರಳು, ಕೊನೆಗೆ ನುಣ್ಣನೆಯ ಮಣ್ಣು ಕೆಳಗೆ ಕೂರುತ್ತದೆ. ಡೆಟ್ರಾಯಿಟ್ ಗೆಳೆಯರಿಗೆ ಇದು ಹತ್ತಿರದಲ್ಲೇ ಇದೆ. ಸೇಂಟ್ ಕ್ಲೇರ್ ನದಿ ಅದೇ ಹೆಸರಿನ ಸರೋವರಕ್ಕೆ ಸೇರುವಾಗ ವೇಗ ಕಳೆದುಕೊಂಡು ಮರಳು ಚೆಲ್ಲುತ್ತದೆ. ಹಾರ್ಸನ್ಸ್ ದ್ವೀಪ ಇರುವುದು ಹಾಗೆ ಕಟ್ಟಿದ ಮುಖಜಭೂಮಿಯಲ್ಲೇ.

ಶಿಕಾಗೋದ ಕತೆ ಇನ್ನೂ ಸ್ವಾರಸ್ಯ. ಇನ್ನೂರು ವರ್ಷದ ಹಿಂದೆ ಶಿಕಾಗೋ ನದಿಯ ಬಾಯಿಗೆ ಮರಳುದಿಬ್ಬ ಅಡ್ಡ ಇತ್ತು. ನದಿ ದಕ್ಷಿಣಕ್ಕೆ ತಿರುಗಿ, ಸುತ್ತು ಹಾಕಿ ಮಿಷಿಗನ್ ಸರೋವರ ಸೇರುತ್ತಿತ್ತು. ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. 1833ರಲ್ಲಿ ಅಮೆರಿಕದ ಸೇನೆಯ ಎಂಜಿನಿಯರುಗಳು ದಿಬ್ಬ ಕಡಿಯಲು ಶುರು ಮಾಡಿದರು, ಬದಿಗೆ ಉದ್ದನೆಯ ಕಟ್ಟೆ ಕಟ್ಟಿದರು. 1834ರ ಪ್ರವಾಹ ಆ ಕಾಲುವೆಯನ್ನು ಇನ್ನಷ್ಟು ಆಳ ಮಾಡಿತು. ಹಡಗು ಒಳಗೆ ಬಂತು.

ಆದರೆ ಮರಳು ಸುಮ್ಮನಿರಲಿಲ್ಲ. ಸರೋವರದ ಅಲೆಗಳು ಅದನ್ನು ದಡದುದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ತಳ್ಳುತ್ತವೆ. ಕಟ್ಟೆ ತಡೆದದ್ದರಿಂದ ಉತ್ತರದ ಬದಿಯಲ್ಲಿ ಹೊಸ ನೆಲ ಬೆಳೆಯಿತು. 1886ರಲ್ಲಿ ಜಾರ್ಜ್ ಸ್ಟ್ರೀಟರ್ ಎಂಬಾತನ ದೋಣಿ ಅಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಆತ ಸುತ್ತ ಮಣ್ಣು ತುಂಬಿಸಿ “ಈ ನೆಲ ನಂದು” ಎಂದು ವರ್ಷಗಟ್ಟಲೆ ಜಗಳ ಆಡಿದ. ಇವತ್ತಿನ ಸ್ಟ್ರೀಟರ್‌ವಿಲ್ ಅದೇ. ಇತ್ತ ದಕ್ಷಿಣದ ದಡಕ್ಕೆ ಮರಳು ಬರುವುದು ಕಡಿಮೆಯಾಗಿ, ಅಲೆಗಳು ಮಿಷಿಗನ್ ಅವೆನ್ಯೂ ಕಡೆಯ ನೆಲವನ್ನೇ ಕಡಿಯತೊಡಗಿದವು. ಅದನ್ನು ಉಳಿಸಲು ನಗರ 1852ರಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಕಂಪನಿಗೆ ನೀರಿನಂಚಿನಲ್ಲಿ ಹಳಿ ಹಾಕಲು ಬಿಟ್ಟು, ಬದಲಿಗೆ ಅಲೆತಡೆ ಕಟ್ಟಿಸಿಕೊಂಡಿತು. ಒಬ್ಬರಿಗೆ ನೆಲ ಸಿಕ್ಕಿತು, ಇನ್ನೊಬ್ಬರ ನೆಲ ಹೋಯಿತು.

ತುಂಗಭದ್ರೆಯಲ್ಲೂ ಹೂಳಿನ ಹೊರೆ ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಲೈನಿನ ತುದಿಯ ಮನೆಗೆ ವೋಲ್ಟೇಜ್ ಕಡಿಮೆ ಬರುವಂತೆ, ಎಡದಂಡೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರಿನ ರೈತರಿಗೆ ಮೊದಲು ನೀರಿನ ಕೊರತೆ ತಟ್ಟುತ್ತದೆ. ಎರಡನೇ ಬೆಳೆ ಅನುಮಾನ ಆದರೆ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ.

“ಹೂಳು ಎತ್ತಿದರೆ ಆಯ್ತಲ್ಲ” ಅನ್ನುವವರು ಲೆಕ್ಕ ಹಾಕಿ ನೋಡಿ. 27 ಟಿಎಂಸಿ ಅಂದರೆ ಸುಮಾರು 76 ಕೋಟಿ ಘನ ಮೀಟರ್. ಟಿಪ್ಪರಿಗೆ 10 ಘನ ಮೀಟರಿನಂತೆ ದಿನಕ್ಕೆ ಸಾವಿರ ಲೋಡ್ ಸಾಗಿಸಿದರೂ 200 ವರ್ಷ ದಾಟುತ್ತದೆ. ಅಷ್ಟು ಮಣ್ಣು ಸುರಿಯಲು ಜಾಗ ಎಲ್ಲಿ? ಅದಕ್ಕೇ ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟುವ ಮಾತು ಬಂದಿರುವುದು. ಅದು ಆದರೂ ನದಿ ಮಣ್ಣು ತರುವುದನ್ನು ನಿಲ್ಲಿಸುವುದಿಲ್ಲ.

ಮಣ್ಣನ್ನು ಹಿಡಿಯಬೇಕಾದದ್ದು ಅದು ಹೊರಡುವ ಜಾಗದಲ್ಲಿ. ಇಳಿಜಾರಿನ ಹೊಲಕ್ಕೆ ಅಡ್ಡ ಬದು, ಹಳ್ಳದ ದಂಡೆಗೆ ಗಿಡ, ಉಳಿದ ಕಾಡಿಗೆ ಕಾವಲು. ನಮ್ಮಲ್ಲಿ ಶಿವಮೊಗ್ಗ, ದಾವಣಗೆರೆ, ಹಾವೇರಿ ಕಡೆಯವರೂ ಇದ್ದೀರಿ. ನಿಮ್ಮ ಹೊಲದ ಮಣ್ಣೇ ನಮ್ಮ ಡ್ಯಾಮಿನ ಹೂಳು. ಊರಿಗೆ ಕಳಿಸುವ ದುಡ್ಡಿನಲ್ಲಿ ಒಂದು ಪಾಲು ಬದು ಹಾಕಿಸಲು ಇಡಿ. ನಿಮ್ಮ ಹೊಲದ ಸತ್ವ ನಿಮ್ಮಲ್ಲೇ ಉಳಿಯುತ್ತದೆ, ಕೆಳಗಿನವರಿಗೆ ಒಂದು ಬೆಳೆಯ ನೀರು ಉಳಿಯುತ್ತದೆ.