ಕಾಟನ್‌ವುಡ್ ಫಾಲ್ಸ್: ಹುಲ್ಲುಗಾವಲಿನ ನಡುವಣ ಆಡಳಿತ ಪಟ್ಟಣ

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿರುವ, ಒಂದು ಸಾವಿರಕ್ಕೂ ಕಡಿಮೆ ಜನಸಂಖ್ಯೆಯ ಕಾಟನ್‌ವುಡ್ ಫಾಲ್ಸ್ ಚೇಸ್ ಕೌಂಟಿಯ ‘ಕೌಂಟಿ ಸೀಟ್’, ಅಂದರೆ ಸುಮಾರಾಗಿ ಜಿಲ್ಲೆಗೆ ಹೋಲಿಸಬಹುದಾದ ಆಡಳಿತ ವಿಭಾಗವೊಂದರ ನ್ಯಾಯಾಲಯ ಮತ್ತು ದಾಖಲೆ ಕಚೇರಿಗಳು ನೆಲೆಗೊಂಡ ಊರು. 1859ರಲ್ಲಿ ರಚನೆಯಾದ ಈ ಕೌಂಟಿಗೆ, ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದ ಸಾಲ್ಮನ್ ಪಿ. ಚೇಸ್ ಅವರ ಹೆಸರನ್ನಿಡಲಾಗಿದೆ.

ಬ್ರಾಡ್‌ವೇ ಬೀದಿಯ ದಕ್ಷಿಣ ತುದಿಯಲ್ಲಿ ಎತ್ತರವಾಗಿ ನಿಂತಿರುವ ನ್ಯಾಯಾಲಯ ಕಟ್ಟಡವೇ ಊರಿನ ಹೆಗ್ಗುರುತು. ಕ್ಯಾನ್ಸಸ್ ಶಾಸನಭವನದ ನಿರ್ಮಾಣದಲ್ಲೂ ಪಾಲ್ಗೊಂಡಿದ್ದ ವಾಸ್ತುಶಿಲ್ಪಿ ಜಾನ್ ಜಿ. ಹ್ಯಾಸ್ಕೆಲ್ ಅವರ ವಿನ್ಯಾಸದಂತೆ ಸ್ಥಳೀಯ ಸುಣ್ಣಕಲ್ಲಿನಿಂದ ಕಟ್ಟಲಾಗಿ 1873ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ ‘ಮ್ಯಾನ್ಸಾರ್ಡ್’ ಎಂಬ ಫ್ರೆಂಚ್ ಮಾದರಿಯ, ಕೆಳಭಾಗದಲ್ಲಿ ಬಹುತೇಕ ಗೋಡೆಯಂತೆ ಕಡಿದಾಗಿದ್ದು ಮೇಲೆ ಸಮತಟ್ಟಾಗುವ ಚಾವಣಿಯಿದೆ. ಒಳಗೆ ವಾಲ್ನಟ್ ಮರದ ಸುರುಳಿ ಮೆಟ್ಟಿಲುಗಳು ಮೇಲ್ಮಹಡಿಯವರೆಗೆ ಏರುತ್ತವೆ. ಇಷ್ಟು ಚಿಕ್ಕ ಊರಿಗೆ ಇದು ಅತಿಯೆನಿಸಿದರೂ, ಕ್ಯಾನ್ಸಸ್‌ನಲ್ಲಿ ಇಂದಿಗೂ ಬಳಕೆಯಲ್ಲಿರುವ ನ್ಯಾಯಾಲಯ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದು.

ಕೌಂಟಿಯ ಕಚೇರಿಗಳು ಇಲ್ಲಿದ್ದರೂ, ರೈಲು ಮಾರ್ಗವು ಊರಿನ ಪಕ್ಕದ ನದಿಯ ಆಚೆ ಹಾದುಹೋದುದರಿಂದ ನಿಲ್ದಾಣ ನೆರೆಯ ಸ್ಟ್ರಾಂಗ್ ಸಿಟಿಯ ಪಾಲಾಯಿತು.

ಸುತ್ತಲಿನ ಫ್ಲಿಂಟ್ ಹಿಲ್ಸ್ ಗುಡ್ಡಗಳ ಸುಣ್ಣಕಲ್ಲಿನ ಪದರಗಳಲ್ಲಿ ಫ್ಲಿಂಟ್ ಎಂಬ ಗಡುಸು ಕಲ್ಲು ಹೇರಳವಾಗಿದ್ದು, ಮೇಲ್ಮಣ್ಣು ತೆಳುವಾಗಿರುವ ಕಾರಣ ನೇಗಿಲಿಗೆ ಎಡೆಯಿಲ್ಲದೆ ಇಲ್ಲಿ ದನಗಾಹಿಕೆಯೇ ಮುಖ್ಯ ಕಸುಬಾಯಿತು. ಉತ್ತರ ಅಮೆರಿಕದ ಉಳಿದೆಡೆ ಬಹುಪಾಲು ಹೊಲವಾಗಿ ಮಾರ್ಪಟ್ಟ ಎತ್ತರ ಹುಲ್ಲಿನ ಬಯಲು ಇಲ್ಲಿ ಉಳಿದುಕೊಂಡದ್ದೂ ಇದರಿಂದಲೇ. ಅದರ ಒಂದು ಭಾಗವನ್ನು 1996ರಲ್ಲಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.